ಬೇಲೆಕೇರಿ ಕ್ರಾಸಿನ ಡಬ್ಬಿ

ವಿಡಿಯೋ ಗೇಮಿನ ಹುಚ್ಚು ನನಗಿಲ್ಲ, ನನ್ನ ತಮ್ಮನಿಗಿದೆ. ನಲವತ್ತರ ಹೊಸ್ತಿಲಲ್ಲಿರುವ ಗಂಡಸು, ಅಂಕೋಲೆಯಲ್ಲೇ ನೌಕರಿ, ಮುಂದಲೆಯ ಕೂದಲು ಹೋಗಿ ವರ್ಷಗಳಾದವು. ಸಂಜೆ ಬಂದು ಕೈಕಾಲು ತೊಳೆದು ಟಿವಿಯ ಮುಂದೆ ಕಂಟ್ರೋಲರ್ ಹಿಡಿದು ಕೂತನೆಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಆ ಹಂತ ಮುಗಿಸಿಯೇ ಏಳುವವನು. ನನಗಿರುವುದು ಬೇರೆ ಕಾಯಿಲೆ. ನಾಲ್ಕು ಜನ ಕೂತು ಏನಾದರೂ ಮಾತಾಡುತ್ತಿದ್ದರೆ ಅದೇನೆಂದು ಬುಡಸಮೇತ ತಿಳಿಯುವ ತನಕ ನನಗೆ ಅನ್ನ ಸೇರುವುದಿಲ್ಲ.

ನಮ್ಮ ಜಗಲಿಯಲ್ಲಿ ಅಂಥ ಮಾತಿಗೆ ಬರವಿಲ್ಲ. ರವಿವಾರ ಮೀನುಪೇಟೆ ಮುಗಿದ ಮೇಲೆ ಅಲ್ಲಿ ಮೂವರ ಸಭೆ ಕೂಡುತ್ತದೆ. ಒಬ್ಬ ನನ್ನ ತಮ್ಮ. ಇನ್ನೊಬ್ಬ ಕಾರವಾರದಿಂದ ಬೈಕಿನಲ್ಲಿ ಬರುವವನು, ನೌಕಾನೆಲೆಯಲ್ಲಿ ಕೆಲಸ. ಮೂರನೆಯವನು ಬೇಲೆಕೇರಿಯವನು, ಬೇಸಾಯದ ಮನೆ. ಶೇಂಗಾ, ಗೆಣಸು, ತರಕಾರಿ ಬೆಳೆಯುತ್ತಾನೆ, ಗದ್ದೆಯಲ್ಲಿ ಕೆಲಸವಿಲ್ಲದಾಗ ಕೂಲಿಗೂ ಹೋಗುತ್ತಾನೆ. ಮೂವರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಮೂವರ ಮನೆಯಲ್ಲೂ ಒಂದೇ ಜಪಾನಿ ಕಂಪನಿಯ ಆಟದ ಪೆಟ್ಟಿಗೆ. ಕನ್ಸೋಲ್ ಅನ್ನಬೇಕಂತೆ. ನಾನು ಪೆಟ್ಟಿಗೆ ಎಂದೇ ಅನ್ನುತ್ತೇನೆ, ತಮ್ಮನಿಗೆ ಉರಿಯಲಿ ಎಂದು.

ಅವರ ಮಾತು ಕೇಳಬೇಕು ನೀವು. ಇನ್ನೂ ಯಾರೂ ಕಣ್ಣಲ್ಲಿ ಕಾಣದ ಮುಂದಿನ ಪೆಟ್ಟಿಗೆಯೊಳಗೆ ಯಾವ ಚಿಪ್ ಇರುತ್ತದೆ, ಅದು ಎಷ್ಟು ಬಿಸಿಯಾಗುತ್ತದೆ, ಅಮೆರಿಕದವರು ಅದಕ್ಕೆ ಎದುರಾಗಿ ಏನು ತರುತ್ತಾರೆ ಎಂದು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಯುತ್ತಾರೆ. ಯಾವುದೋ ದೇಶದಲ್ಲಿ ಆಟ ತಯಾರಿಸುವ ಕಂಪನಿಯೊಂದು ಬಾಗಿಲು ಹಾಕಿತು ಎಂದು ಸುದ್ದಿ ಬಂದ ದಿನ ಮೂವರೂ ಚಹಾ ಮುಟ್ಟಲಿಲ್ಲ. ಅಲ್ಲಿ ಕೆಲಸ ಕಳೆದುಕೊಂಡವರ ಮನೆಬಾಡಿಗೆಯ ಚಿಂತೆಯೂ ಇವರಿಗೇ. ಕಂಪನಿಯ ಮುಖ್ಯಸ್ಥ ಬದಲಾದಾಗ ಕಾರವಾರದವನು, "ಅಂವ ಹಾಂಗೆ ಬಿಟ್ಟು ಹೋಗುಕಾಗಿತ್ತಿಲ್ಲ" ಎಂದು ನಿಟ್ಟುಸಿರಿಟ್ಟ. ಸೋದರಮಾವನ ಸುದ್ದಿಯೇ ಇರಬೇಕೆಂದು ನಾನು ಒಳಗಿಂದ ಓಡಿಬಂದಿದ್ದೆ.

"ಅಂವ ನಿಂಗೆ ಎಂತಾಗಬೇಕೋ?" ಎಂದೆ.

"ಎಂತದೂ ಆಗಬೇಕಿಲ್ಲ ಅಕ್ಕಾ. ಆದರೂ ಬೇಜಾರಾಗ್ತದೆ" ಎಂದ. ಆ ಉತ್ತರ ನನಗೆ ಹಿಡಿಸಿತು. ಅವತ್ತಿನಿಂದ ಚಹಾ ಕೊಟ್ಟು ಒಳಗೆ ಹೋಗುವುದನ್ನು ಬಿಟ್ಟು ನಾನೂ ಜಗಲಿಯ ಮೂಲೆಯಲ್ಲಿ ಕಾಲು ಮಡಚಿ ಕೂರಲು ಶುರುಮಾಡಿದೆ.

ಈ ಸಭೆಯಲ್ಲಿ ನನಗೊಂದು ಹುದ್ದೆಯೂ ಇತ್ತು. ಆಟದ ಡಿಸ್ಕುಗಳನ್ನು ಮೂವರೂ ಹಂಚಿಕೊಂಡು ಆಡುತ್ತಿದ್ದರು. ಒಬ್ಬ ಕೊಂಡರೆ ಮೂವರಿಗೂ ಆಯಿತು. ನಾನು ಕಾರವಾರದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ರವಿವಾರದ ತನಕ ಕಾಯುವ ತಾಳ್ಮೆ ಮೂವರಿಗೂ ಇರಲಿಲ್ಲ, ಹೀಗಾಗಿ ಸಾಗಾಟ ನನ್ನ ಪಾಲಿಗೆ ಬಂತು. ಕಾರವಾರದವನು ಮಧ್ಯಾಹ್ನ ಕಚೇರಿಯ ಗೇಟಿಗೆ ಬಂದು ಇಸಿದುಕೊಳ್ಳುತ್ತಿದ್ದ. ಬೇಲೆಕೇರಿಯವನು ಬೆಳಿಗ್ಗೆ ಹೆದ್ದಾರಿಯ ಮೇಲೆ ಬೇಲೆಕೇರಿ ಕ್ರಾಸಿನಲ್ಲಿ ನಿಂತಿರುತ್ತಿದ್ದ. ನಾನು ಎಡಬದಿಯ ಕಿಟಕಿಯಲ್ಲಿ ಕೂತಿದ್ದು, ಬಸ್ಸು ಜನ ಹತ್ತಿಸಿಕೊಳ್ಳುವಷ್ಟರಲ್ಲಿ ಕೊಡುವುದು ಕೊಟ್ಟು ತಗೊಳ್ಳುವುದು ತಗೊಳ್ಳಬೇಕು. ಕಂಡಕ್ಟರ್, "ಅಕ್ಕೋರದ್ದು ಪಾರ್ಸಲ್ ಆಯ್ತಾ? ರೈಟ್" ಎನ್ನುತ್ತಿದ್ದ.

ಮೊದಲ ಸಲ ಡಿಸ್ಕ್ ಬಾಗೀತು, ಗೀರು ಬಿದ್ದೀತು ಎಂದು ತಮ್ಮ ನನ್ನದೊಂದು ಸ್ಟೀಲಿನ ಅಗಲ ಡಬ್ಬಿಯಲ್ಲಿ ಹಾಕಿ ಕಳಿಸಿದ್ದ. ಕಾಗದದ ಲಕೋಟೆಯೊಳಗೆ ಡಿಸ್ಕ್, ಮತ್ತೇನಿಲ್ಲ. ವಾರ ಕಳೆದು ವಾಪಸು ಬಂದಾಗ ಡಬ್ಬಿ ಭಾರವಾಗಿತ್ತು. ಕಚೇರಿಗೆ ಕೊಂಡುಹೋಗಿ ಡ್ರಾವರಿನಲ್ಲಿಟ್ಟೆ. ಹನ್ನೊಂದು ಗಂಟೆಯಾಗುವಾಗ ಇಡೀ ವಿಭಾಗ ಮೂಗು ಎತ್ತಿ ನನ್ನ ಮೇಜಿನ ಕಡೆ ನೋಡುತ್ತಿತ್ತು. ಸಂಜೆ ಮನೆಯಲ್ಲಿ ಮುಚ್ಚಳ ತೆಗೆದರೆ ಕಂಠಮಟ್ಟ ಒಣ ಸೀಗಡಿ. ಡಿಸ್ಕ್ ಅದರ ಅಡಿಯಲ್ಲಿ, ಲಕೋಟೆಯೆಲ್ಲ ಉಪ್ಪಿನ ಪುಡಿ.

ತಮ್ಮ ತಲೆಯ ಮೇಲೆ ಕೈ ಹೊತ್ತು ಕೂತ. ನನಗೆ ಮಾತ್ರ ಏನಾಯಿತೆಂದು ಹೇಳದೆಯೇ ಗೊತ್ತಾಯಿತು. ಬೇಲೆಕೇರಿಯವನ ತಾಯಿ ಡಬ್ಬಿ ನೋಡಿದ್ದಾಳೆ. ಯಾರದೋ ಮನೆಯಿಂದ ಬಂದ ಡಬ್ಬಿ. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಖಾಲಿ ವಾಪಸು ಮಾಡುವ ಪದ್ಧತಿ ಇಲ್ಲ, ಮನೆಯಲ್ಲಿ ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಆ ತೆಳ್ಳಗಿನ ತಟ್ಟೆಯಂಥದ್ದು ಲೆಕ್ಕಕ್ಕೆ ಬರಲಿಲ್ಲ ಅವಳಿಗೆ. ಡಿಸ್ಕನ್ನು ನಾನೇ ನೀರಿನಲ್ಲಿ ತೊಳೆದು ಮೆತ್ತಗಿನ ಬಟ್ಟೆಯಲ್ಲಿ ಒರೆಸಿಕೊಟ್ಟೆ. ಪುಣ್ಯಕ್ಕೆ ಓಡಿತು.

ಈಗ ಡಬ್ಬಿ ನನ್ನ ಮನೆಯದೇ ಆದರೂ ಪಾಳಿ ನನ್ನದಾಯಿತು. ಸೀಗಡಿ ತಿಂದು ಸುಮ್ಮನಿರಲಾದೀತೇ? ಮುಂದಿನ ಡಿಸ್ಕಿನ ಜೊತೆ ರವೆಉಂಡೆ ಕಳಿಸಿದೆ, ಈ ಸಲ ಡಿಸ್ಕಿಗೆ ಗಟ್ಟಿ ಪ್ಲಾಸ್ಟಿಕ್ ಚೀಲ. ಮರುವಾರ ಕ್ರಾಸಿನಲ್ಲಿ ಅವನು ಕಿಟಕಿಗೆ ಕೈಚಾಚಿ, "ಅಕ್ಕೋರೆ, ಅವ್ವಿ ಹೇಳ್ತದೆ, ಉಂಡೆ ಚಲೋ ಅದೆಯಂತೆ, ಏಲಕ್ಕಿ ಮಾತ್ರ ಜಾಸ್ತಿ ಆಯ್ತಂತೆ" ಎಂದ. ಬಸ್ಸು ಹೊರಟಿತು. ಮುಂದಿನ ಊರು ಅವರ್ಸೆ ದಾಟುವ ತನಕ ನನಗೆ ಸಿಟ್ಟು. ಆಮೇಲೆ ನಗು ಬಂತು. ನಮ್ಮ ಅಮ್ಮ ಹೋದ ಮೇಲೆ ನನ್ನ ಅಡುಗೆಗೆ ಹೆಸರಿಡುವ ಧೈರ್ಯ ಯಾರೂ ಮಾಡಿರಲಿಲ್ಲ.

ಹೀಗೆ ವರ್ಷಗಟ್ಟಲೆ ನಡೆಯಿತು. ಅಲ್ಲಿಂದ ಹುರಿದ ಶೇಂಗಾ, ಸಾರಿಗೆ ಹುಳಿಯಾಗುವ ಮುರುಗಲ ಸಿಪ್ಪೆ, ಹೊಸ ಗೆಣಸು, ಬೇಸಿಗೆಯಲ್ಲಿ ಇಶಾಡ ಮಾವು. ಇಲ್ಲಿಂದ ಚಕ್ಕುಲಿ, ಕರ್ಜಿಕಾಯಿ, ಶಂಕರಪೋಳೆ. ಆ ತಾಯಿಯನ್ನು ನಾನು ಕಂಡಿಲ್ಲ, ಅವಳು ನನ್ನನ್ನು ಕಂಡಿಲ್ಲ. ಕ್ರಾಸಿನಿಂದ ಒಳಗೆ ಎಷ್ಟು ದೂರ ಮಹಾ. ಆದರೂ ಕರೆಯದೆ ಹೋಗುವುದು ಹೇಗೆ, ಏನು ನೆಪ ಹೇಳುವುದು? ಡಬ್ಬಿಗೆ ಡಿಸ್ಕಿನ ನೆಪ ಇತ್ತು, ಅಷ್ಟು ಸಾಕಾಗಿತ್ತು.

ಆಟದ ವಿಷಯದಲ್ಲೂ ಆ ತಾಯಿಯ ಮತ್ತು ನನ್ನ ಮಾತುಕತೆ ಮಗನ ಬಾಯಲ್ಲಿ ಕಿಟಕಿಯಲ್ಲೇ ನಡೆಯುತ್ತಿತ್ತು. ಹಡಗು ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಒಂದು ಆಟ ಬಂದಿತ್ತು. ನೀರು ಎಷ್ಟು ನಿಜವಾಗಿ ಕಾಣುತ್ತದೆ ನೋಡು ಎಂದು ತಮ್ಮ ನನ್ನನ್ನು ಕರೆದು ಕೂರಿಸಿದ. ನೋಡಿದೆ. ಚೆಂದವೇ ಇತ್ತು. ಬಿಸಿಲು ಬಿದ್ದಲ್ಲಿ ಹೊಳೆಯುತ್ತಿತ್ತು, ಮೋಡ ಬಂದಲ್ಲಿ ಕಪ್ಪಾಗುತ್ತಿತ್ತು. ಆದರೆ ಬಹಳ ಹೊತ್ತು ನೋಡಿದರೂ ದಂಡೆಯ ಬಂಡೆಗೆ ನೀರು ಒಂದೇ ಮಟ್ಟದಲ್ಲಿ ತಾಗುತ್ತಿತ್ತು.

"ಇದಕ್ಕೆ ಭರತ ಇಳಿತ ಇಲ್ವನಾ?" ಎಂದೆ.

ತಮ್ಮ ಕಂಟ್ರೋಲರ್ ಕೆಳಗಿಟ್ಟ. ಇಷ್ಟು ದಿನ ಆಡಿದವನಿಗೆ ಅದು ಹೊಳೆದಿರಲಿಲ್ಲ. ರವಿವಾರದ ಸಭೆಯಲ್ಲಿ ಇದೇ ಚರ್ಚೆ. ಚಿಪ್ಪಿಗೆ ಶಕ್ತಿ ಸಾಲದೇ, ಆಟ ಮಾಡಿದವರಿಗೆ ಬೇಡವಾಯಿತೇ, ಅಥವಾ ಅವರ ಊರಿನಲ್ಲಿ ಸಮುದ್ರವೇ ಇಲ್ಲವೇ? ಬೇಲೆಕೇರಿಯವನು ಡಿಸ್ಕನ್ನು ಅವತ್ತೇ ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ತಾಯಿಯನ್ನೂ ಟಿವಿಯ ಮುಂದೆ ಕೂರಿಸಿದನಂತೆ. ಅವಳ ತೀರ್ಪು ಎರಡು ದಿನ ಬಿಟ್ಟು ಡಿಸ್ಕಿನ ಜೊತೆ ಕಿಟಕಿಗೆ ಬಂತು: "ಅವ್ವಿ ಹೇಳ್ತದೆ, ಭರತ ಇಳಿತ ಹಾಳಾಗಿ ಹೋಗ್ಲಿ, ಅಷ್ಟು ದೊಡ್ಡ ಸಮುದ್ರದ ಮೇಲೆ ಒಂದು ಹಕ್ಕಿಯೂ ಮೀನಿಗೆ ಎರಗುದಿಲ್ಲ, ಅದೆಂಥಾ ಸಮುದ್ರ ಹೇಳಿ."

ನಾನು ಅವತ್ತು ಸಂಜೆ ಮತ್ತೆ ಆ ಆಟ ಹಾಕಿಸಿ ನೋಡಿದೆ. ಹಕ್ಕಿಗಳಿದ್ದವು. ಸುಮ್ಮನೆ ಸುತ್ತುತ್ತಿದ್ದವು, ಒಂದೂ ಕೆಳಗೆ ಬರಲಿಲ್ಲ. ಅವಳು ಹೇಳಿದ್ದು ಸರಿ. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಅಷ್ಟರಲ್ಲೇ ತುಂಬಿಟ್ಟಿದ್ದ ಡಬ್ಬಿಯನ್ನು ತೆಗೆದು ಇನ್ನೊಂದಿಷ್ಟು ಚಕ್ಕುಲಿ ಒತ್ತಿ ತುಂಬಿದೆ.

ಆಮೇಲೆ ಕೆಟ್ಟ ಸುದ್ದಿ ಬಂತು. ಮುಂದೆ ಬರುವ ಪೆಟ್ಟಿಗೆಗೆ ಡಿಸ್ಕ್ ಹಾಕುವ ಬಾಯಿಯೇ ಇರುವುದಿಲ್ಲವಂತೆ, ಎಲ್ಲವನ್ನೂ ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕಂತೆ. ಯಾರೋ ಅಂದದ್ದು, ಯಾರೋ ಅಲ್ಲಗಳೆದದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಇವರು ಎಂದು ನಾನು ತಲೆಕೆಡಿಸಿಕೊಳ್ಳಲಿಲ್ಲ. ಆದರೆ ಕಾರವಾರದವನು, ಹೇಗೂ ಡಿಸ್ಕಿನ ಕಾಲ ಮುಗಿಯಿತಲ್ಲ ಎಂದು, ಈಗಲೇ ಸಿಗುವ ಬಾಯಿಯಿಲ್ಲದ ಪೆಟ್ಟಿಗೆಯನ್ನು ಕೊಂಡುಬಿಟ್ಟ. ಅದೇ ಮಳೆಗಾಲದಲ್ಲಿ ನಮ್ಮ ಮನೆಯ ಪೆಟ್ಟಿಗೆ ಸತ್ತಿತು. ಬಿಚ್ಚಿದರೆ ಒಳಗೆಲ್ಲ ತುಕ್ಕು. ನಮ್ಮ ಉಪ್ಪುಗಾಳಿ ಕಿಟಕಿಯ ಸರಳನ್ನೇ ಬಿಡುವುದಿಲ್ಲ, ಜಪಾನಿನದನ್ನು ಬಿಟ್ಟೀತೇ?

"ನಾನೂ ಡಿಸ್ಕ್ ಇಲ್ಲದ್ದೇ ತಗಳ್ತೆ" ಎಂದ ತಮ್ಮ.

"ಬೇಲೆಕೇರಿಯಂವ ಎಂತ ಮಾಡಬೇಕು? ಅವನ ಮನೇಲಿ ಫೋನೇ ಸಮಾ ಹಿಡಿಯುದಿಲ್ಲ, ಆಟ ಇಳಿಸುದು ಹೆಂಗೆ?"

"ಅಂವಗೆ ಹಳೇ ಡಿಸ್ಕೆಲ್ಲ ಕೊಟ್ಬಿಡ್ವ. ಆಡ್ಕಂಡಿರ್ತ. ನಿಂಗೆ ಎಂತಕ್ಕೆ ಇಷ್ಟು ಸಿಟ್ಟು? ನೀನು ಆಡುದೂ ಇಲ್ಲ."

"ನನ್ನ ಡಬ್ಬಿ!" ಎಂದು ಕೂಗಿದೆ. ಅವನು ಅಡುಗೆಮನೆಯ ಕಡೆ ನೋಡಿ, "ಡಬ್ಬಿ ಬೇರೆ ತಕಂಡು ಬರ್ತೆ ಬಿಡೆ" ಎಂದ. ಗಂಡಸರಿಗೆ ಏನು ಹೇಳಿ ಪ್ರಯೋಜನ.

ಹೊಸ ಪೆಟ್ಟಿಗೆ ಬಂತು. ಹಳೆಯ ಡಿಸ್ಕುಗಳನ್ನೆಲ್ಲ ಒಂದು ರವಿವಾರ ಕೈಚೀಲದಲ್ಲಿ ತುಂಬಿ ಬೇಲೆಕೇರಿಯವನ ಕೈಗೆ ಕೊಟ್ಟರು. ಹಡಗಿನ ಆಟದ ಡಿಸ್ಕ್ ಮೊದಲೇ ನನ್ನ ಡಬ್ಬಿಯೊಳಗೆ ಅವನ ಮನೆ ಸೇರಿತ್ತು; ಅದನ್ನೂ ಇಟ್ಟುಕೋ ಎಂದರು. ಸಭೆಗೇನೂ ಧಕ್ಕೆಯಾಗಲಿಲ್ಲ, ಚಿಪ್ಪಿನ ಮಾತು, ಕಂಪನಿಗಳ ಜಗಳ ಎಂದಿನಂತೆ ನಡೆದವು. ನಿಂತದ್ದು ನನ್ನ ಸಾಗಾಟ ಒಂದೇ.

ದಿನಾ ಬೆಳಿಗ್ಗೆ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಕಿಟಕಿಯ ಕೆಳಗೆ ಯಾರೂ ಇರುತ್ತಿರಲಿಲ್ಲ. ಅವನ ಹತ್ತಿರ ಡಬ್ಬಿ ಕೇಳಬಹುದಿತ್ತು. ಸ್ಟೀಲಿನ ಡಬ್ಬಿಗೆ ಆಸೆ ಬಿದ್ದಳು ಎಂದುಕೊಂಡಾರು. ನಾನೇ ಬೇರೆ ಡಬ್ಬಿಯಲ್ಲಿ ಏನಾದರೂ ಕಳಿಸಬಹುದಿತ್ತು. ಅವಳ ಪಾಳಿ ಬಾಕಿ ಇರುವಾಗ ಕಳಿಸಿದರೆ ನೆನಪು ಮಾಡಿಕೊಟ್ಟಂತಾಗುತ್ತದೆ. ಫೋನು ಮಾಡಿ ಏನು ಹೇಳುವುದು? ಒಮ್ಮೆಯೂ ಮುಖ ಕಾಣದವಳಿಗೆ ನಿಮ್ಮ ನೆನಪಾಗುತ್ತದೆ ಎನ್ನುವುದೇ? ಆದರೆ ಆಗುತ್ತಿತ್ತು, ಬಹಳ ಆಗುತ್ತಿತ್ತು. ಗಣಪತಿ ಹಬ್ಬಕ್ಕೆ ಕರ್ಜಿಕಾಯಿ ಕರಿದಾಗ ಎಲ್ಲರೂ ಚಲೋ ಆಗಿದೆ ಎಂದರು. ಯಾರ ಮಾತಿನ ಮೇಲೂ ನನಗೆ ನಂಬಿಕೆ ಬರಲಿಲ್ಲ.

ಮಳೆ ಬಿಟ್ಟು ಬಿಸಿಲು ಕಾದ ಒಂದು ದಿನ ಕ್ರಾಸಿನಲ್ಲಿ ಅವನು ನಿಂತಿದ್ದ. ಕೈಯಲ್ಲಿ ಡಬ್ಬಿ.

"ಅಕ್ಕೋರೆ, ಹಿಡೀರಿ" ಎಂದು ಕಿಟಕಿಯಲ್ಲಿ ತೂರಿಸಿದ. ಮುನಿಸಿನಲ್ಲಿ ಮುಖ ಸ್ವಲ್ಪ ಊದಿಸಿಕೊಂಡಿದ್ದ. ನಾನು ಮುಚ್ಚಳ ಎತ್ತಿ ನೋಡಿದೆ. ಹೊಸದಾಗಿ ಒಣಗಿಸಿದ ಸೀಗಡಿ, ಪಕ್ಕಕ್ಕೆ ಒತ್ತಿ ಇಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಡಗಿನ ಆಟದ ಡಿಸ್ಕ್.

"ಇದನ್ನ ನಿಂಗೇ ಕೊಟ್ಟದ್ದಲ್ವನಾ? ನಮ್ಮನೇಲಿ ಇದನ್ನ ಹಾಕುಕೆ ಬಾಯೇ ಇಲ್ಲ ಈಗ."

"ನಾನೂ ಅದೇ ಹೇಳ್ದೆ. ಅವ್ವಿ ಕೇಳುದಿಲ್ಲ. ಸಿಡಿ ಡಬ್ಬಿ ಒಳಗೆ ಬಂದದ್ದು, ಡಬ್ಬಿ ಸಂಗ್ತಿಗೇ ಹೋಗಬೇಕಂತೆ. ಒಣಸೂಕೆ ಬಿಸಿಲು ಇತ್ತಿಲ್ಲ, ಅದ್ಕೆ ತಡ ಆಯ್ತು ಅಂತ ಹೇಳೂಕೆ ಹೇಳ್ಯದೆ."

ಕಂಡಕ್ಟರ್ ರೈಟ್ ಎಂದ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಾರವಾರದ ತನಕ ಹೋದೆ. ಪಕ್ಕದವಳು ಮೂಗಿಗೆ ಸೆರಗು ಹಿಡಿದಳು. ಹಿಡಿಯಲಿ, ನನಗೆ ಆ ಹೊತ್ತಿನಲ್ಲಿ ಯಾರ ಪರಿವೆಯೂ ಇರಲಿಲ್ಲ.

ಡಿಸ್ಕ್ ಈಗ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ತಮ್ಮ ಅದನ್ನು ಎತ್ತಿ ನೋಡಿ, ಇದೆಂಥಾ ಮರುಳು ಎಂದು ಮತ್ತೆ ಅಲ್ಲೇ ಇಟ್ಟ. ಡಬ್ಬಿಗೆ ಎಳ್ಳುಂಡೆ ಕಟ್ಟಬೇಕೆಂದು ನಾನು ತೀರ್ಮಾನಿಸಿದ್ದೇನೆ. ಒಳ್ಳೆಯ ಬೆಲ್ಲ ಸಿಗದೆ ದಿನ ಮುಂದೆ ಹೋಗುತ್ತಿದೆ, ಏಲಕ್ಕಿಯನ್ನು ಎಷ್ಟು ಹಾಕಬೇಕೆಂಬ ಯೋಚನೆ ಬೇರೆ. ನಿನ್ನೆ ಕ್ರಾಸಿನಲ್ಲಿ ಬಸ್ಸು ನಿಲ್ಲುವುದಕ್ಕೂ ಬಿಡದೆ ಬೇಲೆಕೇರಿಯವನು ಕಿಟಕಿಯ ಜೊತೆ ಓಡಿಬಂದ.

"ಅಕ್ಕೋರೆ, ಲಗೂ ತುಂಬ್ಸಿ ಕಳ್ಸಿ ಮಾರಾಯ್ರೆ. ನನ್ನ ಹಡಗು ನಡು ಸಮುದ್ರದಲ್ಲಿ ನಿಂತ್ಕಂಡದೆ."

"ನಿಂತಿರ್ಲಿ. ಬೆಲ್ಲ ಬರೂದು ಶನಿವಾರ" ಎಂದೆ.