ಖಾಲಾನ ಮನೆಯ ಕರಾರು

ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆಗೆ ಸಿಂದಗಿಯ ನಮ್ಮ ಮನೆಯೊಡತಿ ನೆನಪಾದರು... ನಾವು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು.

ಐವತ್ತರ ದಶಕದ ಕೊನೆ ಇರಬೇಕು. ನಾನು ಹೈಸ್ಕೂಲಿಗೆ ಹೊಸ ಮಾಸ್ತರ, ಮದುವೆಯೂ ಹೊಸದು. ಬಾಡಿಗೆ ಮನೆ ಹುಡುಕುವಾಗ ಉಳಿದ ಮಾಲಕರು ಸುಣ್ಣ ಹಚ್ಚಿದ ಗೋಡೆ ತೋರಿಸಿ ಠೇವಣಿ ಕೇಳಿದ್ದರು. ಖಾಲಾ ಮಾತ್ರ ಸುಣ್ಣವಿಲ್ಲದ ಮನೆಯೊಳಗೆ ನಮ್ಮನ್ನು ನಿಲ್ಲಿಸಿ, ತಾವು ಮಣ್ಣಿನ ಮಾಳಿಗೆ ಹತ್ತಿ ಕೊಡ ನೀರು ಸುರಿದರು. ಅದು ಸೋರಿ ನನ್ನ ನೆತ್ತಿಯ ಮೇಲೇ ಬಿತ್ತು.

"ನೋಡಿದ್ರಿಲ್ಲೋ ಮಾಸ್ತರ? ಸುಣ್ಣ ಆಮ್ಯಾಲೆ ಹಚ್ಚಸ್ತೇನಿ!" ಎಂದು ಮೇಲಿಂದಲೇ ಕೂಗಿದರು.

ಚೇಳು ಬರುವ ಮೂಲೆ, ಹೊಗೆ ಹೋಗದ ಅಡುಗೆಮನೆ, ಬೇಸಿಗೆಯಲ್ಲಿ ನೀರು ಸವಳುಪ್ಪಾಗುವ ಬಾವಿ, ಒಂದನ್ನೂ ಮುಚ್ಚಿಡಲಿಲ್ಲ. ನನ್ನ ಹೆಂಡತಿ ನಗುತ್ತಲೇ ಮನೆ ಒಪ್ಪಿಬಿಟ್ಟಳು.

"ನಿಮ್ಮ ಠೇವಣಿ ಮಾಳಿಗಿ ಮಣ್ಣಿಗೆ ಹಾಕ್ತೇನಿ. ನೀವು ಮನಿ ಬಿಡೂಮುಂದ ಹೊಸಬರು ಕೊಟ್ಟ ಠೇವಣಿನ ನಿಮಗ. ಆದ್ರ ಮನಿ ಹುಳುಕು ಅವರಿಗೆ ನೀವ ಹೇಳಬೇಕು," ಅಂದರು ಖಾಲಾ. ಕಾಗದವಿಲ್ಲ, ಸಹಿಯಿಲ್ಲ, ಇದೇ ಕರಾರು.

ಕೆಲವು ವರ್ಷಕ್ಕೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಈ ಠೇವಣಿ ಕೈಗೆ ಬಂದರಷ್ಟೇ ಅಲ್ಲಿ ಮನೆ ಹಿಡಿಯಲು ಸಾಧ್ಯ. ಕಂಪೌಂಡರ್ ಒಬ್ಬ ಹೆಂಡತಿಯೊಡನೆ ಮನೆ ನೋಡಲು ಬಂದ; ಖಾಲಾನೂ ಬಂದು ಬಾಗಿಲಲ್ಲಿ ನಿಂತರು. ನಿಜ ಹೇಳಿದರೆ ಓಡಿಹೋಗುತ್ತಾನೆ, ನಮ್ಮ ಹಣವೂ ಹೋಗುತ್ತದೆ... ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಮಾಳಿಗೆಯಿಂದ ಬಾವಿಯವರೆಗೆ ಎಲ್ಲ ಒಪ್ಪಿಸಿದಳು. ಕಂಪೌಂಡರನ ಮುಖ ಸಣ್ಣದಾಯಿತು.

"ಇನ್ನೊಂದು ಐತ್ರಿ. ಈ ಖಾಲಾ ದಿನಾ ಬಂದು ಬೈತಾರ. ಬೈದು, ಒಂದು ಸೂಡು ಮೆಂತೆಪಲ್ಯೆ ಇಟ್ಟು ಹೋಗ್ತಾರ," ಅಂದಳು ನನ್ನ ಹೆಂಡತಿ.

"ಏ ಬೇಟಿ, ಅದನ್ಯಾಕ ಹೇಳ್ದಿ?" ಅಂದರು ಖಾಲಾ.

"ಹುಳುಕು ಮುಚ್ಚಬ್ಯಾಡ ಅಂದೋರು ನೀವ ಅಲ್ರೀ?"

ಖಾಲಾನೇ ಮೊದಲು ನಕ್ಕರು, ಆಮೇಲೆ ನನ್ನ ಹೆಂಡತಿ; ಕಂಪೌಂಡರನ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಗಂಡನಿಗೆ ಅಂದಳು: "ಪರ ಊರಾಗ ಬೈಯೋರು ಒಬ್ರು ಸಿಕ್ರಲ್ಲ! ಕೊಡ್ರಿ ರೊಕ್ಕ." ಆ ಹಣ ಖಾಲಾನ ಕೈ ಮುಟ್ಟಿ ನನ್ನ ಕೈಗೆ ಬಂತು.

ಎಲ್ಲ ಹೀಗೇ ನಡೆಯಿತೇ? ಆ ದಿನದ ಡೈರಿಯಲ್ಲಿ 'ಠೇವಣಿ ಬಂತು' ಎಂದಷ್ಟೇ ಇದೆ. ಉಳಿದದ್ದು ಹೆಂಡತಿ ಹೇಳಿ ಹೇಳಿ ನನ್ನ ನೆನಪಾಗಿರಬಹುದು. ಖಾಲಾ ತೀರಿಕೊಂಡು ಬಹಳ ಕಾಲವಾಯಿತು. ಹೋದ ವರ್ಷ ಹೆಂಡತಿಯೂ ಹೋದಳು. ತಪ್ಪು ಹೇಳಿದರೆ ತಿದ್ದುವವರು ಈಗ ಯಾರೂ ಇಲ್ಲ... ಅವರೆಲ್ಲ ಅಂದು ನಕ್ಕಿದ್ದು ಮಾತ್ರ ನಾನು ಕಟ್ಟಿದ ಕತೆಯಲ್ಲ.