ಆರಾಮ ಅದೀವ್ರಿ ಸಾಹೇಬ್ರ

ನಾಸಿಕದಿಂದ ಸಂಭಾಜಿನಗರಕ್ಕೆ ಹೋಗುವ ಸರಕಾರಿ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ತಿರುಗಿ ನೋಡಿಬಿಡುತ್ತೇನೆ. ಇದೊಂದು ಕೆಟ್ಟ ಚಾಳಿ. ತಿರುಗಿ ನೋಡಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಯಾರದೋ ಕಷ್ಟ ಬಂದು ತಲೆಗೆ ಅಂಟಿಕೊಳ್ಳುತ್ತದೆ. ಬೀದರ ಬಿಟ್ಟು ಬಂದು ಅರ್ಧ ಆಯುಷ್ಯ ಕಳೆದರೂ ಈ ಚಾಳಿ ಬಿಟ್ಟಿಲ್ಲ. ನಾಸಿಕದ ಒಂದು ವಿಮಾ ಕಚೇರಿಯಲ್ಲಿ ದಿನವಿಡೀ ಜನರ ತಕರಾರು ಕೇಳುವುದೇ ನನ್ನ ನೌಕರಿ. ರಜೆ ಸಿಕ್ಕಾಗ ಸಂಭಾಜಿನಗರದ ಅಕ್ಕನ ಮನೆಗೆ ಹೋಗಿ ಸುಮ್ಮನೆ ಬಿದ್ದುಕೊಳ್ಳೋಣ ಅಂದರೆ ದಾರಿಯಲ್ಲೂ ತಪ್ಪುವುದಿಲ್ಲ.

ಯೇವಲಾದಲ್ಲಿ ಹತ್ತಿದ ಗಂಡ ಹೆಂಡತಿ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಆಳಂದ ಕಡೆಯವರು. ಆತ ಗೌಂಡಿ, ಹೆದ್ದಾರಿಯ ಸೇತುವೆ ಕಟ್ಟುವ ಕೆಲಸಕ್ಕೆ ಬಂದವನು. ಆಕೆ ಅದೇ ಸೈಟಿನಲ್ಲಿ ಸಿಮೆಂಟಿನ ಬುಟ್ಟಿ ಹೊರುವವಳು. ಆತನ ಮುಖ ಊದಿತ್ತು. ಎರಡೂ ಕಿಡ್ನಿ ಹೋಗಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದು ಆಕೆ ಹೇಳಿದಳು. ಅವರ ಸೈಟಿನ ಹತ್ತಿರವೇ ತಾಲೂಕು ಆಸ್ಪತ್ರೆಯಿದೆ, ಅಲ್ಲಿ ಮಶೀನೂ ಇದೆ, ಆದರೆ ಬೇಸಿಗೆಯಿಂದ ಕೆಟ್ಟು ಕೂತಿದೆ. ನಾಸಿಕದಲ್ಲಿ ಪಾಳಿ ಖಾಲಿಯಿಲ್ಲವಂತೆ. ಅದಕ್ಕೇ ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಈ ಓಡಾಟ. ಮಾರುಕಟ್ಟೆಗೆ ಬಂದ ಉಳ್ಳಾಗಡ್ಡಿ ಟ್ರಾಕ್ಟರುಗಳು ರಸ್ತೆಗೆ ಅಡ್ಡ ನಿಂತ ದಿನ ಬಸ್ಸು ತಡವಾಗುತ್ತದೆ, ಪಾಳಿ ತಪ್ಪುತ್ತದೆ, ಬಂದ ದಾರಿಯಲ್ಲೇ ವಾಪಸ್ಸು.

"ಈಗ ಹ್ಯಾಂಗ ಅನಸ್ತದರೀ ಅಣ್ಣಾರ?" ಅಂತ ಕೇಳಿದೆ.

"ಆರಾಮ ಅದೀನ್ರಿ ಅಕ್ಕೋರ," ಅಂದ. ಮಾತು ಮುಗಿಸುವಷ್ಟರಲ್ಲಿ ಉಸಿರು ಮೇಲಕ್ಕೆ ಬಂದಿತ್ತು.

ನನ್ನ ಫೋನ್ ನಂಬರು ಕೊಟ್ಟೆ. ಕೊಟ್ಟ ಕೂಡಲೇ ಇದು ನನಗೆ ಬೇಕಿತ್ತಾ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಆ ಮಳೆಗಾಲದಲ್ಲಿ ಮಶೀನಿನ ಬೆನ್ನು ಹತ್ತಿದೆ. ತಾಲೂಕು ಆಸ್ಪತ್ರೆಯ ದೊಡ್ಡ ಡಾಕ್ಟರು, ಮಶೀನು ನಮ್ಮದಲ್ಲ, ಅದನ್ನು ನಡೆಸುವ ಗುತ್ತಿಗೆ ಕಂಪನಿಯದು ಅಂದರು. ಕಂಪನಿಯವನು ಆಸ್ಪತ್ರೆಯಿಂದ ಪತ್ರ ಬಂದಿಲ್ಲ ಅಂದ. ಜಿಲ್ಲಾ ಕಚೇರಿಯಲ್ಲಿ ಒಬ್ಬ ಕೈಯಿಂದ ಮುಂಬೈ ಕಡೆ ತೋರಿಸಿದ. ಸಹಾಯವಾಣಿಯ ಹುಡುಗಿ ಬಹಳ ಸಭ್ಯಳು. ಪ್ರತಿ ಸಲವೂ ನನ್ನ ತಕರಾರನ್ನು ಹೊಸದಾಗಿ ಕೇಳಿಸಿಕೊಂಡಳು. ಕಚೇರಿಯಲ್ಲಿ ನಾನೂ ಜನರನ್ನು ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ ಅಟ್ಟುವವಳೇ, ಹಾಗಾಗಿ ಅವರ ಆಟವೆಲ್ಲ ಅರ್ಥವಾಗುತ್ತಿತ್ತು. ಅರ್ಥವಾದರೆ ಸಿಟ್ಟು ಕಡಿಮೆಯಾಗಬೇಕಲ್ಲ, ಆಗಲಿಲ್ಲ. ಬರೀ ದಣಿವಾಯಿತು.

ಶ್ರಾವಣದಲ್ಲಿ ಆಕೆಯ ಫೋನ್ ಬಂತು. ಮತ್ತೆ ಪಾಳಿ ತಪ್ಪಿ, ಗಂಡನಿಗೆ ಉಸಿರು ಕಟ್ಟಿ, ತಾಲೂಕು ಆಸ್ಪತ್ರೆಯ ವಾರ್ಡಿನಲ್ಲೇ ಮಲಗಿಸಿದ್ದಾಳೆ. "ಅಕ್ಕೋರ, ಇಲ್ಲಿ ಗ್ವಾಡಿಗಿ ಸುಣ್ಣಾ ಹೊಡೀಲಕತ್ಯಾರ. ಯಾರೋ ದೊಡ್ಡ ಸಾಹೇಬ್ರು ನೋಡ್ಲಾಕ ಬರ್ತಾರಂತ," ಅಂದಳು. ಕಚೇರಿಗೆ ರಜೆ ಹಾಕಿ ಹೊರಟೆ. ಅಧಿಕಾರಿ ಬಂದಾಗ ರೋಗಿಯ ಬಾಯಿಂದಲೇ ಮಾತು ಹೊರಡಬೇಕು, ಆಗ ಯಾರೂ ಕೈ ತೊಳೆದುಕೊಳ್ಳಲಾಗುವುದಿಲ್ಲ ಅನ್ನುವುದು ನನ್ನ ಲೆಕ್ಕಾಚಾರ.

ವಾರ್ಡಿನ ತುಂಬ ಸುಣ್ಣದ ವಾಸನೆ. ಎಲ್ಲ ಹಾಸಿಗೆಗೂ ಮಡಿಕೆ ಬಿಚ್ಚದ ಹೊಸ ಚಾದರ. ಗೌಂಡಿ ದಿಂಬಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಶೀನಿನ ವಿಷಯ ನೀವೇ ಹೇಳಬೇಕು, ಬಸ್ಸಿನ ಓಡಾಟ ಹೇಳಬೇಕು, ಹೆದರಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಹೂಂ ಅಂದ. ಹೆಂಡತಿಯೂ ಹೂಂ ಅಂದಳು. ಆಕೆಗೆ ಮರಾಠಿ ಬಾರದು. ಆತನಿಗೆ ಸೈಟಿನ ಮರಾಠಿ ಚೆನ್ನಾಗಿಯೇ ಬರುತ್ತಿತ್ತು.

ಅಧಿಕಾರಿ ಬಂದ. ಹಿಂದೆ ಆಸ್ಪತ್ರೆಯ ದೊಡ್ಡ ಡಾಕ್ಟರು ಮತ್ತು ಒಂದು ದಂಡು. ಕೆಟ್ಟ ಮನುಷ್ಯನಾಗಿ ಕಾಣಲಿಲ್ಲ. ಗೌಂಡಿಯ ಹಾಸಿಗೆಯ ಹತ್ತಿರ ನಿಂತು, ಭುಜದ ಮೇಲೆ ಕೈಯಿಟ್ಟು, "ಕಸಂ ಕಾಯ ಬಾಬಾ, ಬರಂ ಆಹೇ ನಾ?" ಎಂದು ಕೇಳಿದ. ಹೇಗಿದ್ದೀರಿ, ಆರಾಮ ತಾನೇ?

ಗೌಂಡಿ ಎರಡೂ ಕೈ ಜೋಡಿಸಿದ. "ಹೋ ಸಾಹೇಬ್, ಏಕದಮ ಬರಂ ಆಹೇ," ಅಂದ. ತುಂಬಾ ಆರಾಮ. ಅಷ್ಟು ಸಾಲದೆಂದು, ಚಹಾ ಆಯಿತೇ ಎಂದು ಅಧಿಕಾರಿಯನ್ನೇ ಕೇಳಿದ!

ಎಲ್ಲರೂ ನಕ್ಕರು. ದೊಡ್ಡ ಡಾಕ್ಟರ ಮುಖ ಅರಳಿತು. ನಾನು ನಡುವೆ ಬಾಯಿ ಹಾಕಿ ಮಶೀನಿನ ಸುದ್ದಿ ಎತ್ತಿದೆ. ನೀವು ಯಾರು, ಮನೆಯವರಾ ಎಂದು ಅಧಿಕಾರಿ ಕೇಳಿದ. ಅಲ್ಲ ಅಂದೆ. ರೋಗಿಯೇ ಸಮಾಧಾನವಾಗಿದ್ದಾರಲ್ಲ ತಾಯಿ ಎಂದು ಮುಂದಿನ ಹಾಸಿಗೆಗೆ ಹೋದ. ಅಲ್ಲಿಂದ ಹೊರಗೂ ಹೋದ.

ನನಗೆ ಮೈಯೆಲ್ಲ ಉರಿದುಹೋಯಿತು. ರೋಗಿ ಅನ್ನುವುದನ್ನೂ ಮರೆತು ಬೈದೆ. "ಆರಾಮ ಅಂತ ಆರಾಮ! ಎದಿ ಮ್ಯಾಲೆ ಕಲ್ಲ ಹೇರಿದಂಗ ಉಸಿರಾಡ್ತೀರಿ, ಆರಾಮ ಏನ್ರಿ?"

ಆತ ತಲೆ ತಗ್ಗಿಸಿದ. "ನೋಡ್ಲಾಕ ಬಂದವರ ಮುಂದ ಗೋಳ ಹೇಳ್ಲಾಕ ಬರ್ತದೇನ್ರಿ ಅಕ್ಕೋರ? ಭುಜದ ಮ್ಯಾಲ ಕೈ ಇಟ್ಟು ಕೇಳಿದ್ರು. ಜಡ್ಡು ಬಿದ್ದಾಗಿಂದ ಹ್ಯಾಂಗದಿ ಅಂತ ಕೇಳಿದ ಸರಕಾರದ ಮನಷಾ ಅವರೊಬ್ರೇ."

ನಮ್ಮ ಕಡೆ ಇರುವುದೇ ಹಾಗೆ. ಜಡ್ಡಿನವರನ್ನು ಮಾತಾಡಿಸಲು ಯಾರೇ ಬಂದರೂ ಹಾಸಿಗೆಯಲ್ಲಿದ್ದವರು ಆರಾಮ ಅನ್ನಬೇಕು, ಬಂದವರ ಊಟ, ಚಹಾ ವಿಚಾರಿಸಬೇಕು. ನಿಜವಾದ ಸುದ್ದಿಯನ್ನು ಮನೆಯವರು ಆಮೇಲೆ ಹೊರಗೆ ಹೇಳುತ್ತಾರೆ, ಬಂದವರನ್ನು ಕಳಿಸಿಕೊಡುವಾಗ, ಹೊಸ್ತಿಲಾಚೆ, ರೋಗಿಯ ಕಿವಿಗೆ ಬೀಳದ ಹಾಗೆ. ಬೀದರದ ನಮ್ಮ ಮನೆಯಲ್ಲಿ ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ನಾಸಿಕದ ಫ್ಲ್ಯಾಟಿನಲ್ಲಿದ್ದು ನಾನು ಅದನ್ನು ಪೂರಾ ಮರೆತಿದ್ದೆ.

ಇಷ್ಟು ನೆನಪಾದ ಮೇಲೆ ಆತನ ಹೆಂಡತಿ ಪಕ್ಕದಲ್ಲಿಲ್ಲದ್ದು ಗಮನಕ್ಕೆ ಬಂತು. ಓಡಿದೆ.

ಆಕೆ ತಲೆ ಮೇಲೆ ಸೆರಗು ಹೊದ್ದು, ಬರಿಗಾಲಲ್ಲಿ, ಆ ದಂಡಿನ ಹಿಂದೆಯೇ ಅಂಗಳದವರೆಗೆ ಹೋಗಿದ್ದಳು. ಬಂದವರನ್ನು ಕಳಿಸಿಕೊಡಬೇಕಲ್ಲ. ಅಧಿಕಾರಿ ಕಾರಿನ ಬಾಗಿಲಿಗೆ ಕೈ ಹಾಕಿದಾಗ ಆಕೆ ಮುಂದೆ ಹೋಗಿ ಕೈ ಮುಗಿದು ಕನ್ನಡದಲ್ಲಿ ಶುರು ಮಾಡಿದಳು. "ಸಾಹೇಬ್ರ, ಅವರು ನಿಮ್ಮ ಮುಂದ ಹೇಳಂಗಿಲ್ಲರಿ. ನಾ ಹೇಳ್ತೀನಿ. ಅವರು ಉಳಿಯಂಗಿಲ್ಲರಿ ಹಿಂಗಾದ್ರ." ಸಿಪಾಯಿಯೊಬ್ಬ ಆಕೆಯನ್ನು ಸರಿಸಲು ಬಂದ. ನಾನು ಏದುಸಿರು ಬಿಡುತ್ತ ನಡುವೆ ನಿಂತು ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸಿದೆ. ಈ ಸಲ ನೀವು ಯಾರು ಎಂದು ಅಧಿಕಾರಿ ಕೇಳಲಿಲ್ಲ. ವಾಪಸ್ಸು ಒಳಗೆ ಬಂದ.

ಆಕೆ ನೆಟ್ಟಗೆ ಗಂಡನ ಹಾಸಿಗೆಗೆ ಹೋಗಿ, ಹೊಸ ಚಾದರ ಸರಿಸಿ, ಮೊಣಕಾಲಿನ ಕೆಳಗೆ, ನೀರು ತುಂಬಿ ಊದಿದ ಕಡೆ, ಹೆಬ್ಬೆರಳು ಒತ್ತಿ ತೆಗೆದಳು. ಅಲ್ಲಿ ಕುಳಿ ಬಿತ್ತು. ಎಲ್ಲರೂ ನೋಡುತ್ತ ನಿಂತೆವು. ಕುಳಿ ತುಂಬಲಿಲ್ಲ. ಗೌಂಡಿ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿದ.

ಅಧಿಕಾರಿ ದೊಡ್ಡ ಡಾಕ್ಟರ ಕಡೆ ನೋಡಿದ. ಕಂಪನಿ, ಪತ್ರ, ಮುಂಬೈ ಎಂದು ಅವರು ಶುರು ಮಾಡುವಷ್ಟರಲ್ಲಿ ಆತ ಅಲ್ಲೇ ನಿಂತು ಯಾರಿಗೋ ಫೋನ್ ಹಚ್ಚಿದ. ದನಿ ಏರಿಸಲೂ ಇಲ್ಲ. ಆ ವಾರದಲ್ಲೇ ನಾಸಿಕದಿಂದ ಮೆಕ್ಯಾನಿಕ್ ಬಂದ, ಯಾವುದೋ ಪಂಪು ಬದಲಿಸಿದ, ಮಶೀನು ಶುರುವಾಯಿತು. ಪಂಪು ನಾಸಿಕದ ಗೋದಾಮಿನಲ್ಲೇ ಇತ್ತಂತೆ.

ನಾನು ಖುಷಿಪಟ್ಟೆ. ಕಚೇರಿಯಲ್ಲಿ ಪೇಢೆ ಹಂಚಿದೆ, ಹುಚ್ಚಿ. ಗೌಂಡಿ ಕೆಲವು ವಾರ ಆ ಮಶೀನಿಗೆ ಹತ್ತಿರದ ಸೈಟಿನಿಂದಲೇ ಹೋಗಿ ಬಂದ. ಆದರೆ ಪಾಳಿ ತಪ್ಪಿ ತಪ್ಪಿ ಹೃದಯ ಆಗಲೇ ಸೋತಿದೆ ಎಂದು ಸಂಭಾಜಿನಗರದ ಡಾಕ್ಟರು ಮೊದಲೇ ಹೇಳಿದ್ದರಂತೆ. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ದೀಪಾವಳಿಗೆ ಮೊದಲು ಆತ ತೀರಿಕೊಂಡ.

ಆಕೆ ಊರಿಗೆ ಹೊರಟ ದಿನ ಯೇವಲಾ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಗಂಟು ಪಕ್ಕಕ್ಕಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ನಾನೂ ಹೋಗಿ ಕೂತೆ. ಬಸ್ಸು ಬಂದಾಗ ಎದ್ದು, ಗಂಟು ಎತ್ತಿಕೊಂಡು, ಸಿಟ್ಟಿಲ್ಲದೆ ಕೇಳಿದಳು.

"ಅಕ್ಕೋರ, ಒಂದ ಫೋನಿನ ಕೆಲಸ ಇತ್ತು. ಮೊದಲ ಯಾಕ ಮಾಡಲಿಲ್ಲ ಅವರು?"

ಆವತ್ತು ಆಸ್ಪತ್ರೆಯ ಅಂಗಳದಲ್ಲಿ ಆಕೆಯ ಮಾತನ್ನೆಲ್ಲ ಮರಾಠಿಗೆ ತಿರುಗಿಸಿದವಳು ನಾನು. ಇದೊಂದನ್ನು ಯಾರ ಮುಂದೆ ಹೋಗಿ ಕೇಳಬೇಕೋ ಗೊತ್ತಾಗಲಿಲ್ಲ.