ಕೊನೆಯ ಸಾಲಿನ ಸಿದ್ದರಾಜು

ಮಂಡ್ಯದ ಸಂಗೀತ ಸಭಾಂಗಣದ ನಿರ್ದೇಶಕ ಸಿದ್ದರಾಜು ಭಾನುವಾರ ಸಂಜೆ ಕಛೇರಿ ಶುರುವಾಗುವ ಹೊತ್ತಿಗೆ ತೀರಿಕೊಂಡ. ಮಳವಳ್ಳಿಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು ಜರ್ಮನಿಯ ವಾದ್ಯವೃಂದವೊಂದರಲ್ಲಿ ಎರಡು ವರ್ಷ ಕೆಲಸ ಕಲಿತು ಬಂದಿದ್ದ. ಆರಕ್ಕೆ ಸರಿಯಾಗಿ ಬಾಗಿಲು ಹಾಕಿಸಿ, ತಡವಾಗಿ ಬಂದ ಶಾಸಕರಿಗೂ "ಜರ್ಮನೀಲಾಗಿದ್ರೆ ಇಷ್ಟೊತ್ಗೆ ಅರ್ಧ ಮುಗ್ದಿರೋದು, ಒರಗೇ ನಿಂತ್ಕಳಿ" ಎನ್ನುತ್ತಿದ್ದ. ಕಛೇರಿಗೆ ಮೊದಲು ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಪಿಟೀಲಿನ ಮೆಲುಸ್ವರ ಅಲ್ಲಿಗೆ ಮುಟ್ಟಿತೆಂದು ಅವನು ಕೈ ಎತ್ತದೆ ಯಾರೂ ಶುರು ಮಾಡುವಂತಿರಲಿಲ್ಲ. ಒಂದು ವರ್ಷದಿಂದ ಅವನ ಕಿವಿ ಪೂರಾ ಹೋಗಿದೆ ಎಂಬುದು ಪಿಟೀಲು ನುಡಿಸುವ ಗೆಳೆಯ ಸಂಪತ್ ಕುಮಾರನಿಗೆ ಮಾತ್ರ ಗೊತ್ತಿತ್ತು; ಆಡಳಿತ ಸಮಿತಿಗೆ ತಿಳಿದರೆ ಸಭಾಂಗಣ ಅವನ ಕೈತಪ್ಪುತ್ತಿತ್ತು. ಅದಕ್ಕೇ ಕಸ ಗುಡಿಸುವ ಮರಿತಾಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ವರ ಕೇಳಿ ಅವಳ ಮುಖ ಅರಳಿದಾಗ ಕೈ ಎತ್ತುತ್ತಿದ್ದ. ಭಾನುವಾರ ಅನುಮಾನ ಬಂದ ಸಮಿತಿಯ ಅಧ್ಯಕ್ಷರು ಅವಳನ್ನು ಎಬ್ಬಿಸಿ ತಾವೇ ಅಲ್ಲಿ ಕೂತರು. ವೇದಿಕೆಯ ಮೇಲೆ ಸಂಪತ್ ಕುಮಾರ ಕಮಾನು ಎಳೆಯತೊಡಗಿದ. ಅಧ್ಯಕ್ಷರ ಮುಖ ಕಲ್ಲಿನಂತಿತ್ತು. "ಏನ್ರೀ, ಕೇಳಿಸ್ತಾ?" ಎಂದರು. ಸಿದ್ದರಾಜು ಎದ್ದು, ಬಾಗಿಲ ಬಳಿ ನಿಂತಿದ್ದ ಮರಿತಾಯಮ್ಮನ ಹತ್ತಿರ ಹೋಗಿ, "ಬಾ ಕಣವ್ವ, ನೀನೇ ಕೇಳು" ಎಂದು ಎಲ್ಲರೆದುರು ಅವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿದ. ಅವಳ ಮುಖವನ್ನೇ ನೋಡುತ್ತ ನಿಂತು, ಅದು ಅರಳಿದಾಗ ಕೈ ಎತ್ತಿದ; ಎತ್ತಿದ ಕೈ ಇಳಿಸುವ ಮೊದಲೇ ಅಲ್ಲೇ ಕುಸಿದ.